ಅರಬ್ ಖರೀದಿದಾರರ ಮುಂದೆ ಅಗರು ಇಟ್ಟು ಕೂತಾಗ

ಶೃಂಗೇರಿ, ಕೊಪ್ಪದ ಕಡೆ ಅಡಿಕೆ ತೋಟದ ನಡುವೆ, ಕಾಂಡದೊಳಗೆ ಸುಗಂಧದ ರಾಳ ಕಟ್ಟುವ ಅಗರು ಗಿಡ ನೆಟ್ಟು ಬೆಳೆಸಿದವರು ದುಬೈನ ದೇರಾ ಪ್ರದೇಶದ ಸುಗಂಧ ಮಾರುಕಟ್ಟೆಯಲ್ಲಿ ಕೆಲಸ ಮಾಡುವ ನನ್ನನ್ನು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು: “ದುಬೈ ವ್ಯಾಪಾರಿಗಳ ಜೊತೆ ಮಾತುಕತೆಗೆ ಕೂತಾಗ ಹೇಗೆ ನಡೆದುಕೊಳ್ಳಬೇಕು?” ಯಾವ ಕೈ ಚಾಚಬೇಕು, ಏನು ಉಡುಗೊರೆ ಒಯ್ಯಬೇಕು ಎಂಬಷ್ಟೇ ಉತ್ತರವನ್ನು ಹೆಚ್ಚಿನವರು ನಿರೀಕ್ಷಿಸುತ್ತಾರೆ. ಆದರೆ ಅಗರಿನ ವಿಷಯದಲ್ಲಿ ಶಿಷ್ಟಾಚಾರ ಬೇರೆ, ವ್ಯವಹಾರ ಬೇರೆ ಎಂಬ ಗೆರೆಯೇ ಇಲ್ಲ. ಚಿನ್ನಕ್ಕೆ ಕ್ಯಾರೆಟ್ ಇದೆ. ಅಗರಿಗೆ ಎಲ್ಲ ದೇಶಗಳೂ ಒಪ್ಪಿದ ದರ್ಜೆ ಇಲ್ಲ. ‘ಸೂಪರ್’, ‘ಡಬಲ್ ಸೂಪರ್’ ಎಂಬ ಹೆಸರುಗಳೆಲ್ಲ ಅಂಗಡಿಗೊಂದು ಅರ್ಥ ಕೊಡುತ್ತವೆ. ಹೀಗಾಗಿ ಖರೀದಿದಾರ ನಂಬುವುದು ತನ್ನ ಮೂಗನ್ನು ಮತ್ತು ಎದುರು ಕೂತ ಮನುಷ್ಯನನ್ನು, ಎರಡನ್ನೇ.

ಮಾತುಕತೆ ಕಾಫಿಯಿಂದ ಶುರುವಾಗುತ್ತದೆ. ಏಲಕ್ಕಿ ಹಾಕಿದ, ಸಕ್ಕರೆ ಇಲ್ಲದ ಗಹ್ವಾವನ್ನು ಹಿಡಿಯಿಲ್ಲದ ಸಣ್ಣ ಬಟ್ಟಲಿನಲ್ಲಿ ತಳ ಮುಚ್ಚುವಷ್ಟೇ ಹಾಕಿಕೊಡುತ್ತಾರೆ. ಅದು ಜಿಪುಣತನವಲ್ಲ, ಬಟ್ಟಲು ಮತ್ತೆ ಮತ್ತೆ ತುಂಬಿಸಿ ಅತಿಥಿಯನ್ನು ಉಪಚರಿಸುವ ಕ್ರಮ. ಬಲಗೈಯಲ್ಲೇ ತೆಗೆದುಕೊಳ್ಳಬೇಕು, ಒಂದನ್ನಾದರೂ ಕುಡಿಯಬೇಕು, ಸಾಕೆನಿಸಿದಾಗ ಬಟ್ಟಲನ್ನು ಮೆಲ್ಲಗೆ ಅಲ್ಲಾಡಿಸಿ ಹಿಂತಿರುಗಿಸಬೇಕು. ಈ ಕಾಫಿಯೂ, ಅತಿಥಿಗಳನ್ನು ಕೂರಿಸುವ ಮಜ್ಲಿಸ್ ಪದ್ಧತಿಯೂ 2015ರಲ್ಲಿ ಯುನೆಸ್ಕೋದ ಪರಂಪರೆಯ ಪಟ್ಟಿಗೆ ಸೇರಿವೆ. ಅವರಿಗೆ ಅದು ಎಷ್ಟು ಹೆಮ್ಮೆಯ ವಿಷಯ ಎಂಬುದನ್ನು ಇದರಿಂದಲೇ ಊಹಿಸಬಹುದು. ಆ ಹೊತ್ತಿನಲ್ಲಿ ಊರು, ಮಳೆ, ಪ್ರಯಾಣ, ಮನೆಯವರ ಆರೋಗ್ಯದ ಮಾತು ಬರುತ್ತದೆ. “ಮನೆಯಲ್ಲಿ ಎಲ್ಲರೂ ಕ್ಷೇಮವೇ” ಎಂದರೆ ಸಾಕು, ಪತ್ನಿಯ ಬಗ್ಗೆ ಬಿಡಿಸಿ ಕೇಳಬಾರದು. ಚೀಲದ ಬಾಯಿ ಬಿಚ್ಚಲು ಅವಸರ ಮಾಡುವವನನ್ನು ಕಂಡರೆ ಅವನಿಗೆ ಹಣದ ಅಡಚಣೆ ಇದೆ ಎಂದು ಲೆಕ್ಕ ಹಾಕುತ್ತಾರೆ, ಬೆಲೆ ಅಲ್ಲೇ ಇಳಿಯುತ್ತದೆ.

ನಿಜವಾದ ಪರೀಕ್ಷೆ ಕೆಂಡದ ಮೇಲೆ. ಉಗುರಿನಷ್ಟು ಚಕ್ಕೆಯನ್ನು ಮಬ್ಖರಾ ಎಂಬ ಧೂಪದಾನಿಯಲ್ಲಿ ಇಡುತ್ತಾರೆ. ಇದ್ದಿಲು ಪೂರ್ತಿ ಹೊತ್ತಿ ಬೂದಿ ಕಟ್ಟಿರಬೇಕು, ಇಲ್ಲದಿದ್ದರೆ ಇದ್ದಿಲಿನ ವಾಸನೆಯೇ ಮುಂದಾಗುತ್ತದೆ. ರಾಳ ತುಂಬಿದ ಚಕ್ಕೆಯ ಅಂಚಿನಲ್ಲಿ ಸಣ್ಣ ಗುಳ್ಳೆಗಳು ಏಳುತ್ತವೆ, ಹೊಗೆ ಎಳೆಯಾಗಿ ಮೇಲೆ ಹೋಗುತ್ತದೆ. ಅವರು ಅದನ್ನು ಕೈಯಿಂದ ಗಡ್ಡದ ಕಡೆಗೆ, ತಲೆವಸ್ತ್ರದ ಅಂಚಿಗೆ ಎಳೆದುಕೊಂಡು ಕಣ್ಣು ಮುಚ್ಚುತ್ತಾರೆ. ಮೊದಲ ಪರಿಮಳ ಒಂದು, ಚಕ್ಕೆ ಅರ್ಧ ಕರಗಿದ ಮೇಲಿನದು ಇನ್ನೊಂದು, ಕೊನೆಯಲ್ಲಿ ಬಟ್ಟೆಗೆ ಅಂಟಿ ಉಳಿಯುವುದು ಮತ್ತೊಂದು. ಅಷ್ಟು ಹೊತ್ತೂ ಮಾರುವವನು ಬಾಯಿ ಮುಚ್ಚಿಕೊಂಡಿರಬೇಕು. ನಮ್ಮವರು ಸೋಲುವುದು ಇಲ್ಲೇ. ಆ ಮೌನವನ್ನು ಬೇಸರ ಎಂದು ತಿಳಿದು, ತೋಟದ ಕಥೆ ಹೇಳಲು, ಕೇಳದಿದ್ದರೂ ರಿಯಾಯಿತಿ ಕೊಡಲು ಮುಂದಾಗುತ್ತಾರೆ. ಅವರು ಚೀಲದ ತಳಕ್ಕೆ ಕೈ ಹಾಕಿ ತಾವೇ ಒಂದು ಚಕ್ಕೆ ಆರಿಸಿದರೆ ಮುಖ ಸಣ್ಣದು ಮಾಡಿಕೊಳ್ಳಬಾರದು. ಬಣ್ಣ ಬಳಿದ, ನೀರು ಕುಡಿಸಿ ತೂಕ ಏರಿಸಿದ ಮರವನ್ನು ಅವರು ಸಾಕಷ್ಟು ನೋಡಿದ್ದಾರೆ.

ಇದಕ್ಕೆ ಸೇರಿದ ಇನ್ನೊಂದು ವಿಷಯವನ್ನು ನಾನು ಒತ್ತಿ ಹೇಳುತ್ತೇನೆ. ನಮ್ಮ ಮಲೆನಾಡಿನ ಮಾಲು ಕಾಂಡಕ್ಕೆ ತೂತು ಕೊರೆದು ಶಿಲೀಂಧ್ರ ಸೇರಿಸಿ ರಾಳ ಕಟ್ಟಿಸಿದ್ದು. ಅದನ್ನು ಕೆತ್ತಿ, ಅಂಚು ತೀಡಿ, ಅಸ್ಸಾಂ ಕಾಡಿನದೆಂದು ಮುಂದಿಡುವುದಕ್ಕಿಂತ ದೊಡ್ಡ ಅಗೌರವ ಆ ಕೋಣೆಯಲ್ಲಿ ಇನ್ನೊಂದಿಲ್ಲ. ಅಸ್ಸಾಮಿನ ಹೊಜಾಯಿ ಊರಿನ ಅಗರೆಣ್ಣೆಯ ಗಾಢ ವಾಸನೆ ಹಳೆಯ ಖರೀದಿದಾರರಿಗೆ ಮನೆಯ ವಾಸನೆಯಷ್ಟು ಪರಿಚಿತ. ತೋಟದ್ದು ಎಂದು ಮೊದಲೇ ಹೇಳಿದವನಿಗೆ ಕಡಿಮೆ ಬೆಲೆ ಸಿಕ್ಕಬಹುದು, ಆದರೆ ಮುಂದಿನ ವರ್ಷವೂ ಫೋನ್ ಬರುತ್ತದೆ.

ಬೆಲೆಯನ್ನು ಹತ್ತು ಜನರ ಎದುರು ಹೇಳಬೇಡಿ. ಮಜ್ಲಿಸಿನಲ್ಲಿ ಬೇರೆ ಅತಿಥಿಗಳಿದ್ದರೆ ಕಾಯಿರಿ, ಇಲ್ಲವೇ ಪರಿಚಯ ಮಾಡಿಸಿದ ದಲ್ಲಾಳಿಯ ಮೂಲಕ ತಿಳಿಸಿ. ಅವನನ್ನು ದಾಟಿ ನೇರ ವ್ಯವಹಾರಕ್ಕೆ ಇಳಿದ ಸುದ್ದಿ ದೇರಾದಲ್ಲಿ ಸಂಜೆಯೊಳಗೆ ಹರಡುತ್ತದೆ. ಅವರು ಅರ್ಧ ಬೆಲೆ ಕೇಳಿದರೆ ಅವಮಾನವೆಂದು ಎದ್ದು ಹೋಗುವ ಅಗತ್ಯವಿಲ್ಲ, ನಗುತ್ತಲೇ ಸ್ವಲ್ಪ ಇಳಿಸಿ ಕಾಯಬೇಕು. “ಇನ್ಷಾ ಅಲ್ಲಾ” ಎಂಬುದು ಒಪ್ಪಿಗೆಯೂ ಆಗಬಹುದು, ನಯವಾದ ನಿರಾಕರಣೆಯೂ ಆಗಬಹುದು. ಮುಂದಿನ ಭೇಟಿಯ ದಿನ ಅವರೇ ಹೇಳಿದರೆ ಮಾತ್ರ ಅದನ್ನು ಒಪ್ಪಿಗೆಯೆಂದು ತಿಳಿಯಿರಿ. ಊಟ ಉಪಚಾರ ಮುಗಿದ ಮೇಲೆ ಅತಿಥಿಗಳ ನಡುವೆ ಧೂಪದಾನಿ ಸುತ್ತು ಬಂದರೆ ಹೊರಡುವ ಹೊತ್ತಾಯಿತೆಂದು ಅರ್ಥ. ಊದ್ (ಅರಬ್ಬಿಯಲ್ಲಿ ಅಗರು) ಬಂದ ಮೇಲೆ ಕೂರುವಂತಿಲ್ಲ ಎಂಬ ಗಾದೆಯೇ ಅರಬರಲ್ಲಿದೆ. ಆಗ ಬೆಲೆಯ ಮಾತನ್ನು ಮತ್ತೆ ಎತ್ತಬಾರದು.

ಉಳಿದವು ಸಣ್ಣವು. ಮಹಿಳೆಯರು ತಾವಾಗಿ ಕೈ ಚಾಚದಿದ್ದರೆ ಎದೆಯ ಮೇಲೆ ಕೈಯಿಟ್ಟು ವಂದಿಸಿ. ನಮಾಜಿನ ಹೊತ್ತಿಗೆ ಮಾತು ತಾನಾಗಿ ನಿಲ್ಲುತ್ತದೆ. ರಂಜಾನಿನಲ್ಲಿ ಹಗಲು ಭೇಟಿ ಕೇಳಬೇಡಿ. ಹಬ್ಬದ ಮಾರಾಟಕ್ಕೆ ಬೇಕಾದ ಮಾಲನ್ನು ಅವರು ಅದಕ್ಕೂ ಮೊದಲೇ ಕೊಂಡಿರುತ್ತಾರೆ.

ಕಾಗದಪತ್ರವೂ ಮರ್ಯಾದೆಯ ಭಾಗವೇ. ನಮ್ಮ ಅಗರು, ಅಂದರೆ ಅಕ್ವಿಲೇರಿಯಾ ಮಲಾಕ್ಕೆನ್ಸಿಸ್, 1995ರಿಂದ ಸೈಟ್ಸ್, ಅಂದರೆ ಅಳಿವಿನಂಚಿನ ಸಸ್ಯ, ಪ್ರಾಣಿಗಳ ವ್ಯಾಪಾರವನ್ನು ನಿಯಂತ್ರಿಸುವ ಅಂತರರಾಷ್ಟ್ರೀಯ ಒಪ್ಪಂದದ, ಎರಡನೇ ಅನುಬಂಧದಲ್ಲಿದೆ. ಆ ಕುಲದ ಉಳಿದ ಪ್ರಭೇದಗಳೂ 2005ರಿಂದ ಅದರ ವ್ಯಾಪ್ತಿಗೆ ಬಂದಿವೆ. ಪರವಾನಗಿ ಇಲ್ಲದ ಮಾಲನ್ನು ಬ್ಯಾಗಿನಲ್ಲಿ ಒಯ್ಯಿರಿ ಎಂದು ಖರೀದಿದಾರನಿಗೆ ಹೇಳುವುದು ಅವನನ್ನು ಅಪರಾಧಕ್ಕೆ ಕರೆದಂತೆ. ಎಷ್ಟು ಕಿಲೋ ಚಕ್ಕೆ, ಎಷ್ಟು ತೊಲ ಎಣ್ಣೆ, ಪರವಾನಗಿ ಕೈಗೆ ಬರಲು ಎಷ್ಟು ಸಮಯ, ಅಷ್ಟರವರೆಗೆ ಬೆಲೆ ಬದಲಾದರೆ ಯಾರ ಜವಾಬ್ದಾರಿ ಎಂಬುದನ್ನು ಕೈಕುಲುಕುವ ಮೊದಲೇ ಹೇಳಿ, ಮಾರನೆಯ ದಿನ ಅದನ್ನೇ ಬರೆದು ಕಳುಹಿಸಿ.