ಮೈಸೂರಿನಿಂದ ಸನ್ನಿವೇಲ್‌ಗೆ: ಟಿಕೆಟ್‌ನಲ್ಲಿ 9 ಗಂಟೆ, ದಾರಿಯಲ್ಲಿ 32

ತಂಗಿಯ ಬಾಣಂತನಕ್ಕೆ ಅಮ್ಮನನ್ನು ಕರೆದುಕೊಂಡು ಜೂನ್‌ನಲ್ಲಿ ಕ್ಯಾಲಿಫೋರ್ನಿಯಾದ ಸನ್ನಿವೇಲ್‌ಗೆ ಹೋಗಿದ್ದೆ. ವಿಮಾನ ಇಳಿಯುವುದು ಹತ್ತಿರದ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ. ಟಿಕೆಟ್ ನೋಡಿ ಅಮ್ಮನಿಗೆ ಖುಷಿಯೋ ಖುಷಿ. "ಬೆಳಗಿನ ಜಾವ 4:15ಕ್ಕೆ ಬೆಂಗಳೂರು ಬಿಟ್ಟು ಅವತ್ತೇ ಮಧ್ಯಾಹ್ನ 1:15ಕ್ಕೆ ಇಳೀತೀವಾ? ಒಂಬತ್ತೇ ಗಂಟೆ!"

ಟಿಕೆಟ್‌ನಲ್ಲಿ ಇರುವುದು ಆಯಾ ಊರಿನ ಗಡಿಯಾರದ ಸಮಯ. ಬೇಸಿಗೆಯಲ್ಲಿ ಕ್ಯಾಲಿಫೋರ್ನಿಯಾ ನಮಗಿಂತ ಹನ್ನೆರಡೂವರೆ ಗಂಟೆ ಹಿಂದೆ, ಚಳಿಗಾಲದಲ್ಲಿ ಹದಿಮೂರೂವರೆ. ಅದನ್ನು ಸೇರಿಸಿದರೆ ಒಟ್ಟು 21 ಗಂಟೆ 30 ನಿಮಿಷ. ಬೆಂಗಳೂರಿನಿಂದ ದುಬೈ ಸುಮಾರು 2,700 ಕಿ.ಮೀ., 4 ಗಂಟೆ. ಅಲ್ಲಿಂದ ಮುಂದೆ ಸುಮಾರು 13,000 ಕಿ.ಮೀ., ಹದಿನೈದೂವರೆ ಗಂಟೆ. ನಡುವೆ 2 ಗಂಟೆ ಕಾಯುವುದು. ಮೈಸೂರಿನಿಂದ ನಾವು ಹೊರಟದ್ದು ಹಿಂದಿನ ದಿನ ಸಂಜೆ 7:30ಕ್ಕೆ. ಮನೆಯಿಂದ ಮನೆಗೆ ಲೆಕ್ಕ ಹಾಕಿದರೆ 32 ಗಂಟೆ ದಾಟಿತು. ವಯಸ್ಸಾದವರು ಜೊತೆಗಿದ್ದರೆ ಈ ಲೆಕ್ಕವನ್ನೇ ಹಿಡಿಯಿರಿ.

ದುಬೈನಲ್ಲಿ ಸಿಕ್ಕ ಆ 2 ಗಂಟೆ ನಮಗೆ ಸಾಲಲಿಲ್ಲ. ಅಮ್ಮನಿಗೆ ಮಂಡಿನೋವು, ನಿಧಾನ ನಡಿಗೆ. ತಪಾಸಣೆ ಮುಗಿಸಿ ಗೇಟ್ ಮುಟ್ಟುವಷ್ಟರಲ್ಲಿ ಬೋರ್ಡಿಂಗ್ ಶುರುವಾಗಿತ್ತು. ಕನಿಷ್ಠ 3 ಗಂಟೆ ಇರುವ ಟಿಕೆಟ್ ತಗೊಳ್ಳಿ. ವೀಲ್‌ಚೇರ್ ಬೇಕು ಅಂತ ಬುಕ್ ಮಾಡುವಾಗಲೇ ಹೇಳಿ.

ದುಬೈನಿಂದ ವಿಮಾನ ಪಶ್ಚಿಮಕ್ಕೆ ಹೋಗುತ್ತದೆ ಅಂದುಕೊಂಡಿದ್ದೆ. ಸೀಟಿನ ಮುಂದಿನ ಪರದೆಯ ನಕ್ಷೆಯಲ್ಲಿ ನೋಡಿದರೆ ಉತ್ತರಕ್ಕೆ, ಧ್ರುವದ ಕಡೆಗೇ ಹೊರಟಿತ್ತು! ಗ್ಲೋಬ್ ಮೇಲೆ ಎರಡೂ ಊರಿಗೆ ಒಂದು ದಾರ ಎಳೆದು ಹಿಡಿಯಿರಿ, ಅದೇ ಹತ್ತಿರದ ದಾರಿ ಅಂತ ಗೊತ್ತಾಗುತ್ತದೆ. ಕಿಟಕಿ ಪರದೆ ಸರಿಸಿದಾಗ ಕೆಳಗೆಲ್ಲ ಬರೀ ಹಿಮ. ಅಮ್ಮ ಒಂದು ನಿಮಿಷ ಮಾತೇ ಆಡಲಿಲ್ಲ.

ಕಾಲು ಊದುವುದು ನಿಜವಾದ ತೊಂದರೆ. ಇಳಿಯುವಾಗ ಅಮ್ಮನ ಪಾದ ಚಪ್ಪಲಿಯೊಳಗೆ ಹೋಗಲೇ ಇಲ್ಲ, ಪಟ್ಟಿ ಬಿಚ್ಚಿ ಹಾಕಿಸಿದೆ. ಓಡಾಡುವ ದಾರಿ ಪಕ್ಕದ ಸೀಟೇ ತಗೊಳ್ಳಿ. ಎಚ್ಚರ ಇದ್ದಾಗಲೆಲ್ಲ ಒಂದೆರಡು ಗಂಟೆಗೊಮ್ಮೆ ಎಬ್ಬಿಸಿ ನಡೆಸಿ, ನೀರು ಕುಡಿಸಿ.

ಬಿ.ಪಿ. ಮಾತ್ರೆ ಯಾವಾಗ ಕೊಡಬೇಕು ಅಂತ ಹೊರಡುವ ಮೊದಲೇ ಡಾಕ್ಟರ್ ಹತ್ತಿರ ಬರೆಸಿಕೊಂಡಿದ್ದೆ. ಅಮ್ಮ ತನ್ನ ಹಳೇ ಎಚ್‌ಎಂಟಿ ವಾಚನ್ನು ಭಾರತದ ಸಮಯದಲ್ಲೇ ಇಟ್ಟುಕೊಂಡಳು. ಅದರಲ್ಲಿ ಬೆಳಗ್ಗೆ 8 ಆದರೆ ಮಾತ್ರೆ. ಮಾತ್ರೆಗಳು ಕೈಚೀಲದಲ್ಲೇ ಇರಲಿ.

ಚಟ್ನಿಪುಡಿ, ಸಾರಿನಪುಡಿ ಎಲ್ಲ ಚೆಕ್‌ಇನ್ ಪೆಟ್ಟಿಗೆಗೆ ಹಾಕಿ. 350 ಮಿ.ಲೀ.ಗಿಂತ ಜಾಸ್ತಿ ಪುಡಿ ಕೈಚೀಲದಲ್ಲಿದ್ದರೆ ಅಮೆರಿಕಕ್ಕೆ ಹೋಗುವ ವಿಮಾನಗಳಿಗೆ ಬೇರೆ ತಪಾಸಣೆ ಆಗಬಹುದು. ಹಸಿ ಕರಿಬೇವು ಮಾತ್ರ ಬೇಡ. ಅದರ ಮೇಲೆ ಬದುಕುವ ಕೀಟ ಕಿತ್ತಳೆ, ನಿಂಬೆ ಗಿಡಗಳಿಗೆ ರೋಗ ಹರಡುತ್ತದೆ, ಹಾಗಾಗಿ ಬಿಡುವುದಿಲ್ಲ. ಅಮ್ಮ ನನಗೆ ಹೇಳದೆ ಪೇಪರ್‌ನಲ್ಲಿ ಸುತ್ತಿ ಒಂದು ಹಿಡಿ ತಂದಿದ್ದಳು. ಅಲ್ಲಿ ಇಳಿದ ಮೇಲೆ ಕಸ್ಟಮ್ಸ್‌ನವರು ತಿಂಡಿ ಇದೆಯಾ ಅಂತ ಕೇಳಿದಾಗ ನಾವೇ ತೆಗೆದು ತೋರಿಸಿದೆವು. ತಗೊಂಡರು, ದಂಡ ಹಾಕಲಿಲ್ಲ. ಏನಿದ್ದರೂ ಮುಚ್ಚಿಡದೆ ಹೇಳಿಬಿಡಿ.

ನಾವು ಇಳಿದಾಗ ಅಮ್ಮನ ವಾಚಿನಲ್ಲಿ ರಾತ್ರಿ 1:45. ಕಣ್ಣು ಎಳೆಯುತ್ತಿತ್ತು. ಆದರೂ ಮಲಗಲು ಬಿಡದೆ ಸಂಜೆ ತಂಗಿ ಮನೆ ಸುತ್ತ ಬಿಸಿಲಲ್ಲಿ ನಡೆಸಿದೆವು. ಅಲ್ಲಿನ 7:30ಕ್ಕೆ, ಅಂದರೆ ವಾಚಿನಲ್ಲಿ ಬೆಳಗ್ಗೆ 8 ಆದಾಗ, ಮಾತ್ರೆ ನುಂಗಿ ಮಲಗಿದವಳು ಬೆಳಗ್ಗೆ 5ಕ್ಕೆ ಎದ್ದು ಕಾಫಿಪುಡಿ ಎಲ್ಲಿದೆ ಅಂತ ಹುಡುಕುತ್ತಿದ್ದಳು.