ಅಜ್ಜಿಗೆ ರಜಾ ಇರ್ಲಿಲ್ವಾ?

ಅವ್ವ ದಾವಣಗೆರೆಯಿಂದ ಇಲ್ಲಿ ನೆದರ್‌ಲೆಂಡ್ಸಿನ ಐಂಡ್ಹೋವನ್‌ಗೆ ಬಂದು ಎರಡು ತಿಂಗಳಾಯಿತು. ಹೆಂಡತಿಯ ಎರಡನೇ ಬಾಣಂತನ. ಅತ್ತೆಗೆ ಮಂಡಿನೋವು, ಹಾಗಾಗಿ ಅವ್ವನೇ ಬಂದಳು. ಎರಡು ಸೂಟ್‌ಕೇಸಿನಲ್ಲಿ ಒಂದರ ತುಂಬ ಬಿಳಿಜೋಳದ ಹಿಟ್ಟು, ಶೇಂಗಾಪುಡಿ, ಅಂಟಿನುಂಡೆ. ಉಳಿದ ಸಂದಿಗೊಂದಿಗೆಲ್ಲ ಮಂಡಕ್ಕಿ. ಮಂಡಕ್ಕಿ ತೂಕ ಬರಲ್ಲ ಅನ್ನುವುದು ಅವಳ ಲೆಕ್ಕ.

ಹೋದ ಶನಿವಾರ ರಾತ್ರಿ ಕೂಸು ಮಲಗಿದ ಮೇಲೆ ಹೆಂಡತಿ ‘ದಿ ಗ್ರೇಟ್ ಇಂಡಿಯನ್ ಕಿಚನ್’ ಹಾಕಿದಳು. ಜಿಯೋ ಬೇಬಿ ನಿರ್ದೇಶಿಸಿದ 2021ರ ಮಲಯಾಳಂ ಚಿತ್ರ. ಆಮೇಲೆ ಅದು ತಮಿಳಿಗೂ ಹೋಯಿತು, ‘ಮಿಸೆಸ್’ ಅನ್ನುವ ಹೆಸರಲ್ಲಿ ಹಿಂದಿಗೂ ಹೋಯಿತು. ನಾನು ಮೊದಲೇ ನೋಡಿದ್ದೆ. ಮೆಚ್ಚಿಕೊಂಡು ನಾಲ್ಕು ಜನರಿಗೆ ‘ನೋಡಲೇಬೇಕು’ ಎಂದು ಹೇಳಿಯೂ ಇದ್ದೆ. ಅವ್ವನಿಗೆ ಮಲಯಾಳಂ ಬರುವುದಿಲ್ಲ, ಇಂಗ್ಲಿಷ್ ಅಡಿಬರಹ ಓದಲಾರಳು. ನಾನು ಪಕ್ಕದಲ್ಲಿ ಕೂತು ಹೇಳುತ್ತಾ ಹೋಗುವುದು ಅಂತ ಮಾತಾಗಿತ್ತು. ಹತ್ತು ನಿಮಿಷಕ್ಕೇ ಅವ್ವ ಕೈ ಅಡ್ಡ ಹಿಡಿದಳು. “ಸುಮ್ನಿರಪ್ಪ, ತಿಳಿತೈತಿ.”

ತಿಳಿಯದೇ ಏನು? ಆ ಚಿತ್ರದಲ್ಲಿ ಹಿನ್ನೆಲೆ ಸಂಗೀತ ಇಲ್ಲವೆನ್ನುವಷ್ಟು ಕಡಿಮೆ. ಹೆಚ್ಚುವ ಸದ್ದು, ಒಗ್ಗರಣೆ ಚಟಪಟ, ಪಾತ್ರೆ ಉಜ್ಜುವ ಸದ್ದು, ಮತ್ತೆ ಮರುದಿನ ಅದೇ. ಪಾತ್ರಗಳಿಗೆ ಹೆಸರೂ ಇಲ್ಲ. ಮಾವ ಕುಕ್ಕರಿನ ಅನ್ನ ಉಣ್ಣುವುದಿಲ್ಲ, ಮಿಕ್ಸಿಯ ಚಟ್ನಿ ಒಪ್ಪುವುದಿಲ್ಲ. ಗಂಡ ಶಾಲೆಯಲ್ಲಿ ಮಕ್ಕಳಿಗೆ ಕುಟುಂಬ ಎಂದರೇನು ಎಂದು ಪಾಠ ಮಾಡುತ್ತಾನೆ, ಮನೆಯ ಸಿಂಕ್ ಸೋರುತ್ತಿದ್ದರೆ ಪ್ಲಂಬರ್‌ಗೆ ಹೇಳುವುದನ್ನು ದಿನವೂ ಮರೆಯುತ್ತಾನೆ. ಗಂಡಸರು ಅಗಿದು ಉಗಿದ ನುಗ್ಗೆಕಾಯಿ ಸಿಪ್ಪೆ ಮೇಜಿನ ಮೇಲೆಯೇ ಬಿದ್ದಿರುತ್ತದೆ, ಹೆಂಗಸರು ಅಲ್ಲೇ ಕೂತು ಉಣ್ಣಬೇಕು. ಅತ್ತೆ ಸ್ನಾತಕೋತ್ತರ ಪದವೀಧರೆ. ಮಗಳ ಬಾಣಂತನಕ್ಕೆ ಹೊರಟುಹೋಗುತ್ತಾಳೆ, ಸೊಸೆ ಒಬ್ಬಳೇ ಉಳಿಯುತ್ತಾಳೆ. ಆ ಜಾಗದಲ್ಲಿ ಅವ್ವ ನನ್ನ ಕಡೆ ಒಮ್ಮೆ ನೋಡಿದಳು. (ಕೆಲವು ದೃಶ್ಯ ಬಂದಾಗ ನಾನು ರಿಮೋಟ್ ಒತ್ತಿ ಮುಂದಕ್ಕೆ ಓಡಿಸಿದೆ. ಹನ್ನೆರಡು ವರ್ಷದ ಮಗಳು ಮೇಲೆ ಮಲಗಿದ್ದವಳು ಯಾವ ಮಾಯೆಯಲ್ಲೋ ಬಂದು ಅಜ್ಜಿಯ ತೊಡೆ ಪಕ್ಕ ಸೇರಿಕೊಂಡಿದ್ದಳು.)

ಅಷ್ಟರಲ್ಲಿ ಮುಟ್ಟಿನ ಭಾಗ ಬಂತು. ಸೊಸೆಗೆ ಬೇರೆ ಕೋಣೆ, ಚಾಪೆ, ಬೇರೆ ತಟ್ಟೆ. ಶಬರಿಮಲೆ ಪ್ರವೇಶದ ಬಗ್ಗೆ ಸುಪ್ರೀಂ ಕೋರ್ಟ್ 2018ರ ಸೆಪ್ಟೆಂಬರಿನಲ್ಲಿ ಕೊಟ್ಟ ತೀರ್ಪಿನ ಗದ್ದಲವೂ ಕಥೆಯೊಳಗೆ ಇದೆ. ಮಗಳು ಕಣ್ಣರಳಿಸಿ ಕೇಳಿದಳು, “ಅಜ್ಜಿ, ನಿಂಗೂ ಹಿಂಗೆ ಕೂರಿಸ್ತಿದ್ರಾ?”

“ಏ, ಇಲ್ಲಪ್ಪ. ನಮ್ಮನೆಯಾಗೆ ಅದೆಲ್ಲ ಇರ್ಲಿಲ್ಲ. ನಾವು ಲಿಂಗಾಯತರು, ನಮಗೆಲ್ಲಿ ಮೈಲಿಗೆ?” ಅವ್ವನ ದನಿಯಲ್ಲಿ ಹೆಮ್ಮೆ ಇತ್ತು. ಸುಳ್ಳು ಯಾಕೆ ಹೇಳಲಿ, ಕೇಳಿಸಿಕೊಂಡ ನನಗೂ ಎದೆ ಉಬ್ಬಿತು.

ಮಗಳು ಒಂದು ಗಳಿಗೆ ಯೋಚನೆ ಮಾಡಿದಳು. “ಹಂಗಾದ್ರೆ ನಿಂಗೆ ಆ ಮೂರು ದಿನ ರಜಾನೂ ಇರ್ಲಿಲ್ವಾ?”

ಅವ್ವ ನಗಲು ಶುರುಮಾಡಿದಳು. ಸೆರಗಿನಿಂದ ಕಣ್ಣೊರೆಸಿಕೊಂಡು ಮತ್ತೆ ನಕ್ಕಳು. “ಇಲ್ಲ ನೋಡು ಪುಟ್ಟಿ, ಅದೂ ಇರ್ಲಿಲ್ಲ!” ನಾನು ನಗಲಿಲ್ಲ.

ಚಿಕ್ಕವನಿದ್ದಾಗ ಪಕ್ಕದ ಮನೆಯ ಗೆಳೆಯ ತಿಂಗಳಿಗೊಮ್ಮೆ “ಅಮ್ಮನ್ನ ಕಾಗೆ ಮುಟ್ಟಿದೆ” ಎನ್ನುತ್ತಿದ್ದ. ನಾನು ಅವರ ಹಿತ್ತಲಿನಲ್ಲಿ ಕಾಗೆ ಹುಡುಕಿದ್ದೇ ಹುಡುಕಿದ್ದು. ನಮ್ಮ ಅವ್ವನ್ನ ಮಾತ್ರ ಯಾಕೆ ಮುಟ್ಟಲ್ಲ ಎಂದು ಕೇಳಿದ್ದಕ್ಕೆ ಅಪ್ಪಾಜಿ ಕೂರಿಸಿಕೊಂಡು ಹೇಳಿದ್ದರು: ಜನನ, ಮರಣ, ರಜಸ್ಸು, ಉಚ್ಛಿಷ್ಟ, ಜಾತಿ, ಈ ಐದು ಸೂತಕಗಳನ್ನೂ ಬಸವಾದಿ ಶರಣರು ಎಂಟು ನೂರು ವರ್ಷದ ಹಿಂದೆಯೇ ಕಿತ್ತು ಹಾಕಿದರು. ಅರ್ಥವಾಗಿದ್ದು ಅರ್ಧ, ಹೆಮ್ಮೆಪಟ್ಟಿದ್ದು ಪೂರ್ತಿ. ಇಂಥ ಸಿನಿಮಾ ಬಂದಾಗಲೆಲ್ಲ ಅದೇ ಹೆಮ್ಮೆ ನನ್ನನ್ನು ಕಾಪಾಡಿದೆ: ಇದು ಅವರ ಕಥೆ, ನಮ್ಮದಲ್ಲ.

ಆದರೆ ಐದರಲ್ಲಿ ಉಚ್ಛಿಷ್ಟವೂ ಒಂದು ನೋಡಿ. ಎಂಜಲಿನ ಸೂತಕ ಇಲ್ಲದ್ದಕ್ಕೇ ಇರಬೇಕು, ಅಪ್ಪಾಜಿ ಉಂಡೆದ್ದ ತಟ್ಟೆಯಲ್ಲೇ ಅವ್ವ ಬಡಿಸಿಕೊಳ್ಳುತ್ತಿದ್ದಳು. ನುಗ್ಗೆಕಾಯಿ ಸಿಪ್ಪೆಯನ್ನು ಮೇಜಿನ ಮೇಲೆ ಬಿಟ್ಟವರನ್ನು ನಾನು ಟೀವಿ ಎದುರು ಕೂತು ಬೈದಿದ್ದೆ. ನಮ್ಮಲ್ಲಿ ಮೇಜು ಇರಲಿಲ್ಲ, ಅಷ್ಟೇ ವ್ಯತ್ಯಾಸ.

ಅಪ್ಪಾಜಿ ದಲಾಲಿ ಅಂಗಡಿಯಲ್ಲಿ ಲೆಕ್ಕ ಬರೆಯುತ್ತಿದ್ದರು. ಮಧ್ಯಾಹ್ನ ಒಂದೂವರೆಗೆ ಸೈಕಲ್ಲಿನ ಸದ್ದು ಕೇಳಿದ ಕೂಡಲೇ ಅವ್ವ ಹಂಚು ಇಡಬೇಕು, ಏಕೆಂದರೆ ರೊಟ್ಟಿ ಬಿಸಿಯೇ ಆಗಬೇಕು. ಹಿಟ್ಟಿಗೆ ಕುದಿನೀರು, ನಾದಿ ನಾದಿ ಉಂಡೆ, ಆಮೇಲೆ ಟಪಟಪ ತಟ್ಟುವ ಸಪ್ಪಳ. ಎತ್ತಿ ಹಂಚಿನ ಮೇಲೆ ಹಾಕಿ, ಒದ್ದೆ ಬಟ್ಟೆಯಿಂದ ಮೇಲೆ ನೀರು ಸವರಿ, ತಿರುವಿ, ಕೆಂಡದ ಪಕ್ಕ ಆನಿಸಿದರೆ ಪೂರಿಯ ಹಾಗೆ ಉಬ್ಬುತ್ತದೆ. ಅದು ತಟ್ಟೆಗೆ ಬರುವಾಗ ಮುಂದಿನದು ಹಂಚಿನ ಮೇಲಿರಬೇಕು. ಅಪ್ಪಾಜಿಗೆ ಮೂರು, ನಮಗಿಬ್ಬರಿಗೆ ಎರಡೆರಡು. ಬಿಸಿ ರೊಟ್ಟಿ ಮಾಡುವವರು ಬಿಸಿ ರೊಟ್ಟಿ ತಿನ್ನಲಾರರು, ಒಲೆಯೇ ಬಿಡುವುದಿಲ್ಲ. ಅವ್ವ ಕೂರುವ ಹೊತ್ತಿಗೆ ಎಣ್ಣೆಗಾಯಿಯಲ್ಲಿ ಬದನೆಕಾಯಿ ಮುಗಿದು ಗಸಿ ಉಳಿದಿರುತ್ತಿತ್ತು. 1994ರಲ್ಲಿ ಮಿಕ್ಸಿ ಬಂತು. “ಮಿಕ್ಸಿ ಚಟ್ನಿ ಸಪ್ಪೆ” ಎಂದು ಅಪ್ಪಾಜಿ ಒಂದು ಸಲ ಅಂದರು. ಅದು ಹೊದಿಕೆ ಹೊದ್ದುಕೊಂಡು ಕಪಾಟಿನ ಮೇಲೆ ಕೂತಿತು. ಭಾನುವಾರ ನಮ್ಮಿಬ್ಬರನ್ನು ಬೆಣ್ಣೆದೋಸೆಗೆ ಕರೆದುಕೊಂಡು ಹೋಗುತ್ತಿದ್ದರು. ಅವ್ವ ಬರುತ್ತಿರಲಿಲ್ಲ, “ನಂಗೆ ಬೆಣ್ಣೆ ಆಗಲ್ಲ.” ಇಲ್ಲಿ ಬಂದ ಮೇಲೆ ನೋಡುತ್ತೇನೆ, ಬ್ರೆಡ್ಡಿಗೆ ಬೆರಳು ದಪ್ಪ ಬೆಣ್ಣೆ ಸವರಿಕೊಳ್ಳುತ್ತಾಳೆ.

ಅಪ್ಪಾಜಿ ಕೆಟ್ಟವರಲ್ಲ. ಕೈ ಎತ್ತಿದವರಲ್ಲ, ಗದರಿದ್ದೂ ಕಡಿಮೆ. ಸಿನಿಮಾದ ಗಂಡನೂ ಮಾವನೂ ಹಾಗೆಯೇ, ಮೆತ್ತಗಿನ ಮಾತಿನವರು. ನನಗೆ ಭಯ ಹುಟ್ಟಿಸಿದ್ದೇ ಅದು.

ಅವ್ವನಿಗೆ ಇದ್ದ ಒಂದೇ ಬಿಡುವು ಮ್ಯಾಟಿನಿ. ಪಾತ್ರೆ ಮುಗಿಸಿ, ಓಣಿಯ ಹೆಂಗಸರ ಜೊತೆ ಅಶೋಕ ಟಾಕೀಸಿಗೆ. ಒಂದು ಸಲ ಸಿನಿಮಾ ಬಿಟ್ಟು ಬರುವಾಗ ರೈಲ್ವೆ ಗೇಟು ಹಾಕಿತ್ತು. ದಾವಣಗೆರೆಯವರಿಗೆ ಆ ಗೇಟಿನ ಕಥೆ ಬಿಡಿಸಿ ಹೇಳಬೇಕಿಲ್ಲ. ಗೂಡ್ಸ್ ಹೋಯಿತು, ಎದುರಿನಿಂದ ಇನ್ನೊಂದು ಬಂತು. ಅವ್ವ ಮನೆ ಮುಟ್ಟಿದಾಗ ಅಪ್ಪಾಜಿ ಚಹಾ ಇಲ್ಲದೆ ಜಗಲಿ ಮೇಲೆ ಕೂತಿದ್ದರು. ಏನೂ ಅನ್ನಲಿಲ್ಲ. ಅವ್ವ ಆಮೇಲೆ ಎಷ್ಟೋ ತಿಂಗಳು ಟಾಕೀಸಿನ ಕಡೆ ಹೋಗಲಿಲ್ಲ.

ಈ ಚಿತ್ರ ಮುಗಿದ ಮೇಲೆ ಅವಳು ಹೇಳಿದ ಮಾತು ಯಾವ ವಿಮರ್ಶಕರೂ ಹೇಳಿದ್ದನ್ನು ನಾನು ಓದಿಲ್ಲ. ಅವಳ ತವರು ದುರ್ಗದ ಹತ್ತಿರದ ಹಳ್ಳಿ. ಕೋಟೆಯಲ್ಲೇ ಚಿತ್ರೀಕರಣವಾದ ಪುಟ್ಟಣ್ಣನವರ ‘ನಾಗರಹಾವು’ 1972ರ ಕೊನೆಗೆ ಬಂದಾಗ ಅವಳಿಗೆ ಹದಿನೈದು. ಅಲಮೇಲುಗಾಗಿ ಅತ್ತಿದ್ದು ಇನ್ನೂ ನೆನಪಿದೆ. “ಆಗಿನ ಸಿನಿಮಾದಾಗೂ ಹೆಂಗಸರ ಗೋಳೇ ಇರ್ತಿತ್ತು. ಆದ್ರೆ ಅವರು ಪಾತ್ರೆ ತೊಳೆಯದು ಯಾರೂ ತೋರಿಸ್ತಿರ್ಲಿಲ್ಲ ನೋಡು.”

ಮಗಳ ಪ್ರಶ್ನೆ ಹಿಡಿದು ಮೈಲಿಗೆಯೇ ವಾಸಿ ಎಂದು ಯಾರಾದರೂ ಹೊರಟರೆ ಅದಕ್ಕೂ ಅವ್ವನ ಬಳಿ ಉತ್ತರವಿತ್ತು. ಅವಳ ಊರಿನ ಪಕ್ಕದ ಗೊಲ್ಲರಹಟ್ಟಿಯಲ್ಲಿ ಮುಟ್ಟಾದವರು, ಬಾಣಂತಿಯರು ಬೇಲಿಯ ಹೊರಗೆ ಗುಡಿಸಲಿನಲ್ಲಿರಬೇಕಿತ್ತು. ಮಳೆ ಬಂದರೂ ಅಲ್ಲೇ. ನಾನೂ ರಜೆಗೆ ಹೋದಾಗ ಕಂಡಿದ್ದೇನೆ, ತೆಂಗಿನಗರಿಯ ಬಾಗಿಲಿನಿಂದ ಹೊಗೆ, ಒಳಗೆ ಕೂಸಿನ ಅಳು. ಕರ್ನಾಟಕದ 2017ರ ಮೌಢ್ಯ ನಿಷೇಧ ಕಾಯ್ದೆ ಹೀಗೆ ಹೊರಗಿಡುವುದನ್ನು ಅಪರಾಧ ಎನ್ನುತ್ತದೆ. ಆದರೂ 2023ರ ಮಳೆಗಾಲದಲ್ಲಿ ತುಮಕೂರು ತಾಲ್ಲೂಕಿನ ಒಂದು ಗೊಲ್ಲರಹಟ್ಟಿಯಲ್ಲಿ ಗುಡಿಸಲಿನಲ್ಲಿದ್ದ ಹಸುಗೂಸು ಸತ್ತಿತು. ನಮ್ಮ ಕೂಸು ಹೀಟರ್ ಹಾಕಿದ ಕೋಣೆಯಲ್ಲಿ ಮಲಗಿತ್ತು. ಅವ್ವ ಎದ್ದು ಹೋಗಿ ಹೊದಿಕೆ ಸರಿಮಾಡಿ ಬಂದಳು.

ಮರುದಿನ ಹೆಂಡತಿ ಊಟಕ್ಕೆ ಕೂತಾಗ ಅಂಕಿ ತೆಗೆದಳು. ದೇಶದ 2024ರ ಸಮಯ ಬಳಕೆ ಸಮೀಕ್ಷೆಯ ಪ್ರಕಾರ ಮನೆಗೆಲಸ ಮಾಡುವ ಹೆಂಗಸರು ದಿನಕ್ಕೆ ಅದಕ್ಕೆ ಕೊಡುವುದು 289 ನಿಮಿಷ, ಮಾಡುವ ಗಂಡಸರು 88. ನಾನು ವಿಷಯ ಬದಲಿಸಲೆಂದು ನಮ್ಮ ರಾಜ್ಯದ ಸುದ್ದಿ ತೆಗೆದೆ: 2025ರ ಅಕ್ಟೋಬರಿನಲ್ಲಿ ಸಚಿವ ಸಂಪುಟ ದುಡಿಯುವ ಹೆಂಗಸರಿಗೆ ವರ್ಷಕ್ಕೆ 12 ದಿನ ಸಂಬಳ ಸಹಿತ ಮುಟ್ಟಿನ ರಜೆಗೆ ಒಪ್ಪಿದೆ. “ಒಳ್ಳೇದಾತು,” ಅಂದಳು ಅವ್ವ. “ಅಡಿಗೆಮನಿಗೆ ರಜಾ ಚೀಟಿ ಯಾರಿಗೆ ಬರಿಯದು?”

ಮಗಳು ಆಗಲೇ ಫ್ರಿಜ್ಜಿನ ಕ್ಯಾಲೆಂಡರ್ ಮುಂದೆ ನಿಂತಿದ್ದಳು. ಸೋಮವಾರ, ಮಂಗಳವಾರ, ಬುಧವಾರ, ಮೂರು ಮನೆಗಳ ಮೇಲೆ ಕೆಂಪು ಪೆನ್ನಿನಲ್ಲಿ ‘ಅಜ್ಜಿ ರಜಾ’.

ಸೋಮವಾರ ಅವ್ವ ಎಂದಿನಂತೆ ಐದಕ್ಕೆ ಎದ್ದಳು. ಅಡಿಗೆಮನೆಯ ಬಾಗಿಲಿಗೆ ಬಂದು ನಿಂತಳು. ಒಳಗೆ ನಾನಿದ್ದೆ. ಸೋಫಾದ ತುದಿಗೆ ಕೂತಳು, ಎದ್ದಳು, ಕಿಟಕಿ ಬಳಿ ಹೋದಳು, ಮತ್ತೆ ಬಾಗಿಲಿಗೆ ಬಂದಳು. ಜೀವನದಲ್ಲಿ ಒಂದು ದಿನವೂ ಹೊರಗೆ ಕೂತವಳಲ್ಲ, ಎಲ್ಲಿ ಕೂರಬೇಕೋ ತಿಳಿಯಲಿಲ್ಲ. ಊರಿನಿಂದ ಅಪ್ಪಾಜಿಯ ವಿಡಿಯೋ ಕರೆ ಬಂತು. ಅಲ್ಲಿ ಈಗ ಅತ್ತಿಗೆ ನೋಡಿಕೊಳ್ಳುತ್ತಾರೆ. ನನ್ನ ಕೈಗೆ ಮೆತ್ತಿದ ಹಿಟ್ಟು ನೋಡಿ, “ಯಾಕೋ, ನಿಮ್ಮವ್ವಗೆ ಹುಷಾರಿಲ್ವೇನೋ?” ಅಂದರು. ಕೆಲಸ ಬಿಡಬೇಕಾದರೆ ಅವರಿಗೆ ಹೊಳೆದ ಕಾರಣ ಅದೊಂದೇ.

ಮಧ್ಯಾಹ್ನ ಅವ್ವನನ್ನು ಮೊದಲು ಕೂರಿಸಿ ರೊಟ್ಟಿ ತಟ್ಟಿದೆ. ಅಂಚು ಒಡೆದು ನಕ್ಷೆಯ ಹಾಗಾಯಿತು. ಬಿಸಿಯಿದ್ದಾಗಲೇ ತಟ್ಟೆಗೆ ಹಾಕಿದೆ. ಮುರಿದು, ಶೇಂಗಾಪುಡಿಗೆ ಅದ್ದಿ, ಬಾಯಿಗಿಟ್ಟು, ನಿಧಾನ ಅಗಿದಳು.

“ನೀರು ಕುದ್ದಿಲ್ಲ.”

ಎರಡನೆಯದೂ ತಿಂದಳು. ಮಂಗಳವಾರವೂ ತಿಂದಳು. ಬುಧವಾರ ನಸುಕಿಗೆ ಟಪಟಪ ಸಪ್ಪಳಕ್ಕೆ ಎಚ್ಚರವಾಗಿ ಕೆಳಗೆ ಬಂದರೆ ಹಂಚು ಕಾದಿತ್ತು.

“ಇವತ್ತೂ ರಜಾ ಐತಲ್ಲವ್ವ?”

“ಇರ್ಲಿ ಬಿಡು. ನಿನ್ನ ರೊಟ್ಟಿ ಮೂರನೇ ದಿನ ನನ್ನ ಹಲ್ಲಿಗೆ ಆಗಲ್ಲ,” ಎಂದು ಉಂಡೆಯೊಂದನ್ನು ನನ್ನ ಕಡೆ ತಳ್ಳಿದಳು. “ಬಾ ಇಲ್ಲಿ, ಅಂಚಿಂದ ತಟ್ಟು.”