ನೋಟ್‌ಬುಕ್‌ನಲ್ಲಿ ಕೋಬಿ

ಆಗ ನಾನು ಲಾಸ್ ಏಂಜಲೀಸ್ ಪಕ್ಕದ ಟಾರೆನ್ಸ್‌ನಲ್ಲಿದ್ದೆ. ಹಾಸನದ ಗೆಳೆಯನ ಜೊತೆ ಒಂದು ಸಣ್ಣ ಮನೆ. ಊರಲ್ಲಿ ಕ್ರಿಕೆಟ್ ಬಿಟ್ಟರೆ ಬೇರೆ ಆಟ ನೋಡಿದವನಲ್ಲ. ಅಲ್ಲಿಗೆ ಹೋದ ಮೇಲೆ ಆ ಊರಿನ ಬ್ಯಾಸ್ಕೆಟ್‌ಬಾಲ್ ತಂಡ ಲೇಕರ್ಸ್‌ನ ಹುಚ್ಚು ಹಿಡಿಯಿತು. ಅದರಲ್ಲೂ ಕೋಬಿ ಬ್ರಯಂಟ್ ಅಂದರೆ ಪ್ರಾಣ. ಪ್ರತಿ ಪಂದ್ಯ ಮುಗಿದ ಮೇಲೆ ಅವನ ಪಾಯಿಂಟ್‌ಗಳನ್ನು ನೋಟ್‌ಬುಕ್‌ನಲ್ಲಿ ಬರೆದಿಡುತ್ತಿದ್ದೆ.

2006ರ ಜನವರಿ 22ರ ಸಾಲಿನಲ್ಲಿ 81 ಅಂತಿದೆ. ಟೊರಾಂಟೊ ವಿರುದ್ಧ ಮೊದಲರ್ಧದಲ್ಲಿ 26, ಆಮೇಲೆ 55! ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಆ ಸೀಸನ್‌ನಲ್ಲಿ ಅವನ ಸರಾಸರಿ ಪಂದ್ಯಕ್ಕೆ 35.4. ಆದರೆ ತಂಡ 45 ಪಂದ್ಯ ಗೆದ್ದು 37 ಸೋತಿತು. ಪ್ಲೇಆಫ್‌ನ ಮೊದಲ ಸುತ್ತಿನಲ್ಲಿ ಫೀನಿಕ್ಸ್ ಎದುರಿನ ಏಳು ಪಂದ್ಯಗಳ ಸರಣಿಯಲ್ಲಿ 3-1 ಮುಂದಿದ್ದೂ ಸೋತು ಹೊರಬಿತ್ತು.

2008ರ ಫೆಬ್ರವರಿಯಲ್ಲಿ ಸ್ಪೇನ್‌ನ ಪಾವ್ ಗಸೋಲ್ ತಂಡಕ್ಕೆ ಬಂದ. ಹಳೆಯ ಆಟಗಾರ ಡೆರೆಕ್ ಫಿಷರ್ ಅದಕ್ಕೂ ಮೊದಲೇ ವಾಪಸ್ ಬಂದಿದ್ದ. ನನ್ನ ನೋಟ್‌ಬುಕ್‌ನಲ್ಲಿ ಸಂಖ್ಯೆಗಳು ಇಳಿಯತೊಡಗಿದವು. 2008-09ರಲ್ಲಿ ಕೋಬಿಯ ಸರಾಸರಿ 26.8. ಅವನಿಗೆ ವಯಸ್ಸಾಯ್ತಾ ಅಂತ ಬೇಸರ ಆಯಿತು.

"ಲೋ, ಎಷ್ಟು ಸಲ ಎಸೆದ ಅಂತಾನೂ ನೋಡೋ" ಅಂದ ಗೆಳೆಯ.

ಲೆಕ್ಕ ಹಾಕಿದೆ. ಮೊದಲು ಪಂದ್ಯಕ್ಕೆ ಸುಮಾರು 27 ಸಲ ಎಸೆಯುತ್ತಿದ್ದವನು ಈಗ 21 ಸಲ ಎಸೆಯುತ್ತಿದ್ದ. ನೂರಕ್ಕೆ 45 ಒಳಗೆ ಹೋಗುತ್ತಿದ್ದದ್ದು ಈಗ ಸುಮಾರು 47 ಆಗಿತ್ತು. ಕಡಿಮೆಯಾದ ಆ ಆರು ಎಸೆತ ಎಂಥವು? ನನಗೆ ಅನ್ನಿಸುವುದು ಇಷ್ಟು: ಬುಟ್ಟಿಗೆ ಎಸೆಯಲು ತಂಡಕ್ಕೆ ಸಿಗುವ 24 ಸೆಕೆಂಡ್ ಮುಗಿಯುತ್ತಾ ಬಂದು, ಇಬ್ಬರು ಮೈಮೇಲೆ ಬಿದ್ದಿರುವಾಗ ಬೇರೆ ದಾರಿಯಿಲ್ಲದೆ ಎಸೆಯುತ್ತಿದ್ದವು. ಈಗ ಇಬ್ಬರು ಕೋಬಿಯನ್ನು ಮುತ್ತಿದರೆ ಗಸೋಲ್ ಬುಟ್ಟಿಯ ಹತ್ತಿರ ಒಬ್ಬನೇ ನಿಂತಿರುತ್ತಿದ್ದ. ಆ ವರ್ಷ 65 ಗೆಲುವು, ಚಾಂಪಿಯನ್ ಪಟ್ಟವೂ ಸಿಕ್ಕಿತು.

ಲೆಕ್ಕ ಅರ್ಥವಾಯಿತು. ಆದರೂ ಮನಸ್ಸು ಮಾತ್ರ 40 ಬರಲಿ ಅಂತಲೇ ಕಾಯುತ್ತಿತ್ತು.

2010ರ ಜೂನ್ 17, ಗುರುವಾರ. ಬಾಸ್ಟನ್ ವಿರುದ್ಧ ಫೈನಲ್ಸ್‌ನ ಏಳನೇ, ಕೊನೆಯ ಪಂದ್ಯ. ಕೆಲಸದಿಂದ ಬೇಗ ಬಂದು, ಚಿತ್ರಾನ್ನ ಕಲಸಿಕೊಂಡು ಟಿವಿ ಮುಂದೆ ಕೂತೆವು. ಕೋಬಿ ಎಸೆದದ್ದೆಲ್ಲ ರಿಂಗ್‌ಗೆ ಬಡಿದು ಹೊರಗೆ. ಮೂರನೇ ಕ್ವಾರ್ಟರ್‌ನಲ್ಲಿ ತಂಡ 13 ಪಾಯಿಂಟ್ ಹಿಂದೆ ಬಿತ್ತು. ತಟ್ಟೆಯಲ್ಲಿದ್ದ ಅನ್ನ ಹಾಗೇ ಒಣಗುತ್ತಿತ್ತು.

ಆದರೆ ಅವನ ಎಸೆತ ತಪ್ಪಿದಾಗಲೆಲ್ಲ ನಮ್ಮ ತಂಡದ ಯಾರೋ ಒಬ್ಬರು ಬಾಲ್ ಹಿಡಿಯುತ್ತಿದ್ದರು. ಗಸೋಲ್ ಹಿಡಿದ, ಬೈನಮ್ ಹಿಡಿದ, ಆರ್ಟೆಸ್ಟ್ ಹಿಡಿದ. ತಪ್ಪಿ ಹೊರಬಂದ ಬಾಲ್ ಹಿಡಿದರೆ ಅದು ರೀಬೌಂಡ್. ಎದುರಾಳಿಯ ಬುಟ್ಟಿಯ ಕೆಳಗೆ ಅವತ್ತು ಲೇಕರ್ಸ್‌ಗೆ 23 ರೀಬೌಂಡ್, ಬಾಸ್ಟನ್‌ಗೆ ಬರೀ 8. ಕೋಬಿ ಕೂಡ ಎರಡೂ ಕಡೆ ಸೇರಿ 15 ರೀಬೌಂಡ್ ಹಿಡಿದ. ಫಿಷರ್ ದೂರದಿಂದ ಎಸೆದು 64-64 ಸಮ ಮಾಡಿದ.

ಕೊನೆಗೆ ಉಳಿದದ್ದು ಒಂದೇ ನಿಮಿಷ. ಬಾಲ್ ಕೋಬಿ ಕೈಯಲ್ಲಿ. ನಾನು ಎದ್ದು ನಿಂತು "ಕೊಡಬೇಡ, ನೀನೇ ಎಸಿ!" ಅಂತ ಕೂಗಿದೆ. ಅವನು ಆರ್ಟೆಸ್ಟ್‌ಗೆ ಕೊಟ್ಟ. ಆರ್ಟೆಸ್ಟ್ ದೂರದಿಂದಲೇ ಎಸೆದ. ಮೂರು ಪಾಯಿಂಟ್! 79-73. ಗೆಳೆಯ ನನ್ನ ಕುತ್ತಿಗೆಗೆ ಜೋತುಬಿದ್ದ. ಕೂಗಿ ಕೂಗಿ ಇಬ್ಬರ ಗಂಟಲೂ ಕಟ್ಟಿತು.

83-79ಕ್ಕೆ ಪಂದ್ಯ ಮುಗಿಯಿತು. ಹೊರಗೆ ಬೀದಿಯಲ್ಲಿ ಕಾರುಗಳ ಹಾರ್ನ್ ತುಂಬಾ ಹೊತ್ತು ನಿಲ್ಲಲಿಲ್ಲ.

ಮಲಗುವ ಮುಂಚೆ ನೋಟ್‌ಬುಕ್ ತೆಗೆದೆ. ಕೋಬಿ 23, ಎಸೆದದ್ದು 24, ಒಳಗೆ ಹೋದದ್ದು 6 ಅಂತ ಬರೆದೆ. ಅದರ ಕೆಳಗೆ ಆರ್ಟೆಸ್ಟ್ 20, ಗಸೋಲ್ 19 ಅಂತ ಬರೆದೆ. ಆ ಪುಸ್ತಕಕ್ಕೆ ಬೇರೆಯವರ ಹೆಸರು ಸೇರಿದ್ದು ಅದೇ ಮೊದಲು.